ಹುಡ್ ಪರ್ವತದಿಂದ ಕಡಲಿನವರೆಗೆ, ಹನ್ನೆರಡು ಜನ

ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಹುಡ್ ಟು ಕೋಸ್ಟ್ ಅಂತ ಒಂದು ರಿಲೇ ಓಟ ಇದೆ. ಮೌಂಟ್ ಹುಡ್ ಪರ್ವತದ ಮೇಲಿರುವ ಟಿಂಬರ್‌ಲೈನ್ ಲಾಡ್ಜ್‌ನಿಂದ ಹೊರಟು, ಪೋರ್ಟ್‌ಲ್ಯಾಂಡ್ ನಗರ ದಾಟಿ, ಕರಾವಳಿಯ ಬೆಟ್ಟಸಾಲು ಹತ್ತಿಳಿದು, ಪೆಸಿಫಿಕ್ ದಡದ ಸೀಸೈಡ್ ಊರಿನಲ್ಲಿ ಮುಗಿಯುತ್ತದೆ. ದೂರ ಹೆಚ್ಚುಕಡಿಮೆ 320 ಕಿ.ಮೀ. ತಂಡಕ್ಕೆ ಹನ್ನೆರಡು ಜನ, ಎರಡು ವ್ಯಾನ್. ದಾರಿಯನ್ನು 36 ತುಂಡು ಮಾಡಿರುತ್ತಾರೆ, ಒಂದೊಂದು ತುಂಡೂ ಒಂದು ಲೆಗ್. ಒಬ್ಬೊಬ್ಬರಿಗೆ ಮೂರು ಲೆಗ್. ಒಮ್ಮೆ ಗೊತ್ತುಮಾಡಿದ ಸರದಿ ಕೊನೆವರೆಗೂ ಅದೇ. 1982ರಲ್ಲಿ ಎಂಟೇ ತಂಡಗಳಿಂದ ಶುರುವಾದ ಓಟ ಇದು. ಜಾಗಕ್ಕಾಗಿ ಲಾಟರಿಗೆ ತಂಡದ ಹೆಸರು ಕೊಟ್ಟಿದ್ದೆವು. ನಮ್ಮದು ಬಂತು!

ಓಡೋದಕ್ಕಿಂತ ಮೊದಲು ಲೆಗ್ ಹಂಚಿಕೊಳ್ಳೋದೇ ದೊಡ್ಡ ಕೆಲಸ. ಕೆಲವು ಲೆಗ್ ಐದಾರು ಕಿ.ಮೀ. ಮಾತ್ರ, ಕೆಲವು ಹನ್ನೆರಡರ ಹತ್ತಿರ. ಕೆಲವು ಸಮತಟ್ಟು, ಕೆಲವು ಪೂರ್ತಿ ಏರು. ಯಾರು ಜೋರಾಗಿ ಓಡುತ್ತಾರೆ ಅನ್ನೋದಕ್ಕಿಂತ ಯಾರ ಮಂಡಿ ಏನು ತಾಳುತ್ತದೆ ಅಂತ ನೋಡಿ ಹಂಚಬೇಕು. ನನಗೆ ಒಂದನೇ ಲೆಗ್ ಬಂತು. ಅಂದರೆ ಬೆಟ್ಟದ ಮೇಲಿಂದ ಇಳಿಯುವ ಲೆಗ್.

ಟಿಂಬರ್‌ಲೈನ್ ಲಾಡ್ಜ್ ಇರೋದು ಸುಮಾರು 1,800 ಮೀಟರ್ ಎತ್ತರದಲ್ಲಿ. ಕಲ್ಲು, ಮರ ಸೇರಿಸಿ ಕಟ್ಟಿದ ಗಟ್ಟಿಮುಟ್ಟಾದ ಕಟ್ಟಡ. 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಜನರಿಗೆ ಕೆಲಸ ಕೊಡಲೆಂದೇ ಸರ್ಕಾರ ಕಟ್ಟಿಸಿದ್ದು. 1937ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಬಂದು ಉದ್ಘಾಟನೆ ಮಾಡಿದ್ದರು. ಬೆಳಗ್ಗೆ ಅದರ ಮುಂದೆ ನಿಂತಾಗ ಆಗಸ್ಟ್ ಕೊನೆಯಾದರೂ ಜಾಕೆಟ್ ಬಿಚ್ಚಲು ಮನಸ್ಸಿರಲಿಲ್ಲ. ಹಿಂದೆ ಬೇಸಿಗೆಯಲ್ಲೂ ಕರಗದ ಹಿಮ ಹೊತ್ತ ಶಿಖರ, ಮುಂದೆ ಕೆಳಗಿಳಿಯುವ ಡಾಂಬರು ರಸ್ತೆ. ತಂಡಗಳನ್ನು ಗುಂಪುಗುಂಪಾಗಿ ಬಿಡುತ್ತಾರೆ. ನಿಧಾನದ ತಂಡಗಳು ಮೊದಲು, ಜೋರಿನವರು ತಡವಾಗಿ. ಹಾಗೆ ಬಿಟ್ಟರೇ ಎಲ್ಲರೂ ಒಂದೇ ಹೊತ್ತಿಗೆ ಕಡಲು ತಲುಪೋದು.

ಮೊದಲ ಲೆಗ್‌ನಲ್ಲಿ ಒಂಬತ್ತು ಕಿ.ಮೀ. ಆಸುಪಾಸಿನಲ್ಲೇ ಸುಮಾರು 600 ಮೀಟರ್ ಇಳಿಯಬೇಕು. ಇಳಿಜಾರು ಅಂದರೆ ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಉಸಿರಿಗೆ ಸುಲಭ, ನಿಜ. ತೊಡೆಗೆ ಅಲ್ಲ. ಪ್ರತಿ ಹೆಜ್ಜೆಯಲ್ಲೂ ತೊಡೆಯ ಮುಂದಿನ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆಹಿಡಿಯಬೇಕು. ಇಂಥ ಕೆಲಸದಲ್ಲಿ ಸ್ನಾಯುವಿನ ಎಳೆಗಳು ಸಣ್ಣಸಣ್ಣದಾಗಿ ಹರಿಯುತ್ತವೆ. ನೋವು ಆಗಲೇ ಬರೋದಿಲ್ಲ, ಮರುದಿನ, ಅದರ ಮರುದಿನ ಜಾಸ್ತಿಯಾಗುತ್ತದೆ. ನನಗೋ ಇನ್ನೂ ಎರಡು ಲೆಗ್ ಬಾಕಿ. ಅದಕ್ಕೇ ತಿಂಗಳುಗಟ್ಟಲೆ ಇಳಿಜಾರಿನಲ್ಲೇ ಅಭ್ಯಾಸ ಮಾಡಿದ್ದೆ. ಮೊದಲೇ ಒಮ್ಮೆ ಆ ಪೆಟ್ಟು ತಿಂದ ಸ್ನಾಯು ಮುಂದಿನ ಸಲ ಅಷ್ಟು ಕೆಡುವುದಿಲ್ಲ. ಹೆಜ್ಜೆ ಚಿಕ್ಕದು, ಮೈ ಸ್ವಲ್ಪ ಮುಂದಕ್ಕೆ, ಹಿಮ್ಮಡಿ ಊರಿ ಬ್ರೇಕ್ ಹಾಕೋದಿಲ್ಲ. ಇಷ್ಟನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾ ಇಳಿದೆ. ಎರಡೂ ಕಡೆ ಫರ್ ಮರಗಳ ಕಾಡು, ತಣ್ಣನೆ ಗಾಳಿ. ಅಷ್ಟು ಸಲೀಸಾಗಿ ನಾನು ಬೇರೆಲ್ಲೂ ಓಡಿಲ್ಲ.

ಇಲ್ಲಿ ಒಬ್ಬರಿಂದ ಒಬ್ಬರಿಗೆ ದಾಟಿಸುವ ಬ್ಯಾಟನ್ ಅಂದರೆ ಕೋಲಲ್ಲ, ಕೈಗೆ ಹೊಡೆದರೆ ಫಟ್ ಅಂತ ಸುತ್ತಿಕೊಳ್ಳುವ ಪಟ್ಟಿ. ಅದನ್ನು ಬಿಚ್ಚಿ ನೇರ ಮಾಡಿಕೊಂಡು, ಓಡುತ್ತಲೇ ಗೆಳತಿಯ ಮಣಿಕಟ್ಟಿಗೆ ಹೊಡೆದೆ. ನನ್ನ ಬೆವರಿನಿಂದ ಒದ್ದೆಯಾಗಿ ಬೆಚ್ಚಗಿದ್ದ ಪಟ್ಟಿ. ಅವಳು ಮುಖ ಸಿಂಡರಿಸಲಿಲ್ಲ, ಹಿಂತಿರುಗಿ ನೋಡಲೂ ಇಲ್ಲ, ಹೋಗೇಬಿಟ್ಟಳು.

ಅಲ್ಲಿಂದ ಶುರುವಾಗೋದು ವ್ಯಾನಿನ ಬದುಕು. ನನಗೆ ಈ ಓಟದಲ್ಲಿ ತುಂಬಾ ಇಷ್ಟವಾದದ್ದು ಇದೇ. ಒಬ್ಬರು ಓಡುತ್ತಿದ್ದರೆ ಉಳಿದ ಐದು ಜನಕ್ಕೂ ಅವರದ್ದೇ ಚಿಂತೆ. ಒಬ್ಬರು ವ್ಯಾನ್ ಓಡಿಸಬೇಕು, ಒಬ್ಬರು ನಕ್ಷೆ ನೋಡಬೇಕು, ಒಬ್ಬರು ಮುಂದಿನ ಓಟಕ್ಕೆ ಮೈ ಬಿಸಿ ಮಾಡಿಕೊಳ್ಳಬೇಕು. ಅವಕಾಶ ಇರುವ ಕಡೆ ವ್ಯಾನ್ ನಿಲ್ಲಿಸಿ, ನೀರು ಹಿಡಿದುಕೊಂಡು, ಹೆಸರು ಹಿಡಿದು ಕೂಗಬೇಕು. ನಾನು ಮೂರು ಲೆಗ್ ಸೇರಿ ಓಡಿದ್ದು ಮೂರು ತಾಸಿಗೂ ಕಡಿಮೆ. ಮಿಕ್ಕಿದ್ದೆಲ್ಲಾ ಇನ್ನೊಬ್ಬರಿಗಾಗಿ ಎಚ್ಚರ ಇದ್ದ ಹೊತ್ತು.

ಆರನೇ ಲೆಗ್ ಮುಗಿದ ಮೇಲೆ ಸ್ಯಾಂಡಿ ಊರಿನಲ್ಲಿ ಎರಡನೇ ವ್ಯಾನಿನವರಿಗೆ ಪಟ್ಟಿ ದಾಟಿತು. ನಾವು ಪೋರ್ಟ್‌ಲ್ಯಾಂಡಿಗೆ ಹೋಗಿ ಊಟ ಮಾಡಿ, ಕಾಲು ಮೇಲೆತ್ತಿ ಮಲಗಿದೆವು. ನನ್ನ ಎರಡನೇ ಲೆಗ್ ಸಂಜೆ, ವಿಲಾಮೆಟ್ ನದಿಯ ಸೇತುವೆಗಳ ಹತ್ತಿರದಿಂದ. ತೊಡೆ ಬಿಗಿಯಾಗಿತ್ತು, ಆದರೆ ಓಡಲು ಬಂತು. ಕತ್ತಲಾದ ಮೇಲೆ ನಮ್ಮವರೆಲ್ಲಾ ಹೆದ್ದಾರಿ ಪಕ್ಕದಲ್ಲಿ ಓಡಿದರು. ಹೊಳೆಯುವ ಜಾಕೆಟ್, ಹಣೆಗೆ ದೀಪ, ಬೆನ್ನಿಗೆ ಮಿಣುಕುವ ಕೆಂಪು ದೀಪ ಇಲ್ಲದೆ ಬಿಡೋದೇ ಇಲ್ಲ. ಒಳ್ಳೇ ನಿಯಮ.

ಓಡುತ್ತಾ ಎಷ್ಟು ಜನರನ್ನು ಹಿಂದೆ ಹಾಕಿದೆವು ಅಂತ ವ್ಯಾನಿನ ಗಾಜಿನ ಮೇಲೆ ಗೆರೆ ಎಳೆದು ಲೆಕ್ಕ ಇಡುವ ರೂಢಿ ಇದೆ. ಅದಕ್ಕೆ ರೋಡ್‌ಕಿಲ್ ಅಂತಾರೆ. ನನಗೆ ಅದು ಹಿಡಿಸಲಿಲ್ಲ. ನಾವು ದಾಟುವವರು ಹೆಚ್ಚಾಗಿ ನಮಗಿಂತ ಬೇಗ ಹೊರಟವರು, ನಮಗಿಂತ ಹೆಚ್ಚು ಹೊತ್ತು ಕಷ್ಟಪಡುತ್ತಿರುವವರು. ಅವರನ್ನು ಗೆರೆ ಎಳೆದು ಎಣಿಸೋದು ಯಾಕೆ? ನಮ್ಮ ವ್ಯಾನಿನ ಗಾಜಿನ ಮೇಲೆ ಹನ್ನೆರಡು ಹೆಸರು ಮಾತ್ರ ಬರೆದಿದ್ದೆವು, ಲೆಗ್ ಮುಗಿದ ಹಾಗೆ ಹೆಸರಿನ ಮುಂದೆ ಒಂದು ಚುಕ್ಕೆ.

ಕರಾವಳಿಯ ಬೆಟ್ಟಸಾಲು ಸಿಗೋದು ರಾತ್ರಿ. ಅಲ್ಲಿ ಎರಡನೇ ವ್ಯಾನಿನವರ ಪಾಲಿಗೆ ಜಲ್ಲಿಕಲ್ಲಿನ ರಸ್ತೆ. ವ್ಯಾನುಗಳು ಸಾಲಾಗಿ ಹೋಗುವಾಗ ಎದ್ದ ಧೂಳು ಇಳಿಯೋದೇ ಇಲ್ಲ. ಮಿಸ್ಟ್ ಅನ್ನೋ ಪುಟ್ಟ ಊರಿನ ಹುಲ್ಲುಗಾವಲಿನಲ್ಲಿ ನಾವು ಮಲಗುಚೀಲದೊಳಗೆ ಒಂದೆರಡು ತಾಸು ಕಣ್ಣು ಮುಚ್ಚಿದ್ದೆವು. ಬೆಳಗಿನ ಜಾವ ಎದ್ದು ಹೋದರೆ ಅವರ ವ್ಯಾನ್ ಆಗಲೇ ಬಂದಿತ್ತು. ಒಬ್ಬ ಗೆಳೆಯ ನನ್ನ ಹಣೆದೀಪದ ಬೆಳಕಿಗೆ ಮುಖ ಕೊಟ್ಟು ನಿಂತ. ರೆಪ್ಪೆಯ ಮೇಲೆಲ್ಲಾ ಬಿಳಿ ಧೂಳು, ಕೆನ್ನೆಯಲ್ಲಿ ಬೆವರು ಇಳಿದ ಎರಡು ಗೆರೆ. ಬಾಯಿ ಮುಕ್ಕಳಿಸಿ ಅವನು ಮೊದಲು ಕೇಳಿದ್ದು, "ನಿನ್ನ ತೊಡೆ ಹೇಗಿದೆ?" ಅಂತ.

ತೊಡೆ ಆಗ ಮರದ ತುಂಡಿನ ಹಾಗಿತ್ತು. ಸ್ವಯಂಸೇವಕರು ನಮ್ಮ ನಂಬರ್ ಕೂಗಿದರು. ಕತ್ತಲಲ್ಲಿ ಸಾಲು ದೀಪಗಳು ಬರುತ್ತಿದ್ದವು, ಯಾವುದು ನಮ್ಮದು ಅಂತ ಹತ್ತಿರ ಬರುವ ತನಕ ಗೊತ್ತಾಗಲಿಲ್ಲ. ಪಟ್ಟಿ ಕೈಗೆ ಬಿತ್ತು. ಮೊದಲ ಒಂದು ಕಿ.ಮೀ. ಬರೀ ನೋವು. ಆಮೇಲೆ ಕಾಲು ತಾನಾಗಿ ಸಡಿಲವಾಯಿತು. ನೆಹೇಲಮ್ ನದಿಯ ಕಣಿವೆಯಲ್ಲಿ ಮಂಜು ಕೂತಿತ್ತು, ಉಸಿರು ದೀಪದ ಮುಂದೆ ಹೊಗೆಯಾಗುತ್ತಿತ್ತು. ಒಬ್ಬನೇ ಓಡುತ್ತಿದ್ದರೆ ಅವತ್ತು ನಡೆದೇಬಿಡುತ್ತಿದ್ದೆ. ಮುಂದಿನ ತಿರುವಿನಾಚೆ ಗೆಳತಿ ಚಳಿಯಲ್ಲಿ ಕೈ ಚಾಚಿಕೊಂಡು ನಿಂತಿದ್ದಾಳೆ ಅಂತ ಗೊತ್ತಿದ್ದಾಗ ನಡೆಯಲು ಮನಸ್ಸು ಬರೋದಿಲ್ಲ.

ಸೀಸೈಡ್‌ನಲ್ಲಿ ಮಧ್ಯಾಹ್ನದ ಬಿಸಿಲು, ದಡದ ತುಂಬಾ ಜನ. ಕೊನೆಯ ಓಟಗಾರ ಬರೋದನ್ನು ಕಾದು, ಹನ್ನೆರಡೂ ಜನ ಅವನ ಜೊತೆ ಸೇರಿ ಮರಳಿನ ಮೇಲೆ ಗೆರೆ ದಾಟಿದೆವು. ಕುಂಟುವವರ ವೇಗಕ್ಕೇ ಎಲ್ಲರೂ ಓಡಿದ್ದು. ಪದಕ ಹಾಕಿಕೊಂಡು ಮರಳಲ್ಲಿ ಕೂತಾಗ ಮತ್ತೆ ಲಾಟರಿಗೆ ಹೆಸರು ಕೊಡೋದು ಆಗಲೇ ತೀರ್ಮಾನವಾಗಿತ್ತು. ಜಗಳ ಇದ್ದದ್ದು ಜಲ್ಲಿ ರಸ್ತೆಯ ಲೆಗ್ ಯಾರಿಗೆ ಅನ್ನೋದರ ಮೇಲೆ. ಈ ಸಲ ಅದು ನನಗೆ ಬೇಕು ಅಂತ ಕೇಳಿದ್ದೇನೆ.