ಹೊಸ ಅಕ್ಕಿಯ ಊರಲ್ಲಿ ಒನಿಗಿರಿ

ಜೂನ್ 18, 2025, ಬುಧವಾರ
ಕವಾಸಾಕಿ

ಜಪಾನಿನಲ್ಲಿ ಇವತ್ತು ಒನಿಗಿರಿ ದಿನ, ಅಂದರೆ ಕೈಯಲ್ಲಿ ಒತ್ತಿ ಕಟ್ಟೋ ಅನ್ನದ ಉಂಡೆಯ ದಿನ. 1987ರಲ್ಲಿ ಇಶಿಕಾವಾ ಪ್ರಾಂತ್ಯದಲ್ಲಿ ಯಾಯೊಯಿ ಕಾಲದ, ಸುಮಾರು ಎರಡು ಸಾವಿರ ವರ್ಷ ಹಳೆಯ, ಸುಟ್ಟು ಇದ್ದಿಲಾದ ಅನ್ನದ ಉಂಡೆಯೊಂದು ಸಿಕ್ಕಿತ್ತು. ಅದು ಸಿಕ್ಕ ಊರಿನವರೇ ಗೊತ್ತುಮಾಡಿದ ದಿನವಂತೆ. ನಮ್ಮನೇಲಿ ಇದಕ್ಕೆ ದಿನ, ವಾರ ಅಂತೇನಿಲ್ಲ. ಶಾಲೆಯ ಊಟದಲ್ಲಿ ಮೀನೋ ಮಾಂಸವೋ ಇರುತ್ತೆ ಅಂತ ಮಗಳಿಗೆ ಮನೆಯಿಂದಲೇ ಡಬ್ಬಿ. ಡಬ್ಬಿಯಲ್ಲಿ ಆಗಾಗ ಒನಿಗಿರಿ.

2025ರ ಈ ಹೊತ್ತಿಗೆ ಎಲ್ಲರ ಬಾಯಲ್ಲೂ ಅಕ್ಕಿ ಬೆಲೆಯೇ ಇತ್ತು. ಆ ಮೇ ತಿಂಗಳಲ್ಲಿ 5 ಕೆಜಿ ಚೀಲ ಸರಾಸರಿ 4,200 ಯೆನ್ ದಾಟಿತ್ತು. ಅದಕ್ಕೆ ವರ್ಷದ ಹಿಂದೆ ಇದರ ಅರ್ಧ. ಸರ್ಕಾರ 2021, 2022ರ ಬೆಳೆಯ ದಾಸ್ತಾನು ಬಿಟ್ಟಿದ್ದರಿಂದ 2,000 ಯೆನ್ ಆಸುಪಾಸಿಗೂ ಒಂದು ಚೀಲ ಸಿಗ್ತಿತ್ತು, ಕ್ಯೂ ನಿಲ್ಲೋ ತಾಳ್ಮೆ ಇದ್ದರೆ. ಪಕ್ಕದ ಮನೆ ಅಜ್ಜಿಗೆ ಅದು ಬೇಡವೇ ಬೇಡ. ಹಳೆ ಅಕ್ಕಿ ಮುಗ್ಗಲು ವಾಸನೆ ಅಂತಾರೆ. ನನಗೆ ನಗು ಬರುತ್ತೆ. ನಮ್ಮೂರು ಸಾಗರದಲ್ಲಿ ಅಮ್ಮ ಅಂಗಡಿಯವರ ಹತ್ತಿರ ಹಳೆ ಅಕ್ಕಿ ಕೇಳಿ, ನಾಲ್ಕು ದುಡ್ಡು ಹೆಚ್ಚು ಕೊಟ್ಟು ತರ್ತಾಳೆ. ಹೊಸ ಅಕ್ಕಿ ಅನ್ನ ಮುದ್ದೆಯಾಗುತ್ತೆ, ನೆಂಟರಿಗೆ ಬಡಿಸೋಕಾಗಲ್ಲ ಅನ್ನೋದು ಅವಳ ತಕರಾರು. ಇಲ್ಲಿ ಶರತ್ಕಾಲದ ಹೊಸ ಅಕ್ಕಿಗೆ ಜನ ಕಾದು ಕೂತಿರ್ತಾರೆ. ಅಗಳು ಅಗಳಿಗೆ ಅಂಟಿದರೆ ತಾನೇ ಒನಿಗಿರಿ ನಿಲ್ಲೋದು! ಕೊಶಿಹಿಕಾರಿಯಂಥ ಗಿಡ್ಡ ಅಕ್ಕಿಯಲ್ಲಿ ಅಮೈಲೋಸ್ ಅನ್ನೋ ಬಗೆಯ ಪಿಷ್ಟ ಕಡಿಮೆ, ಆ ಅಂಟು ಅದರಿಂದ. ಸೋನಾ ಮಸೂರಿಯಲ್ಲಿ ಮಾಡ್ತೀನಿ ಅಂತ ಊರಿಂದ ಯಾರಾದರೂ ಫೋನ್ ಮಾಡಿದರೆ ಬೇಡ ಅಂತಲೇ ಹೇಳ್ತೀನಿ.

ಅಳತೆ ಎರಡು ಗೋ, ಅಂದರೆ 300 ಗ್ರಾಂ ಅಕ್ಕಿ. ತೊಳೆದು ಅರ್ಧ ಗಂಟೆ ನೆನೆಸಿ ಕುಕ್ಕರಿಗೆ ಹಾಕಿದರೆ ಮುಷ್ಟಿಯಷ್ಟು ದೊಡ್ಡವು ಆರು ಆಗ್ತವೆ. ಅನ್ನ ಬಿಸಿ ಇರುವಾಗಲೇ ಕಟ್ಟಬೇಕು, ಆರಿದರೆ ಒಂದಕ್ಕೊಂದು ಹಿಡಿಯಲ್ಲ. ಅಜ್ಜಿ ಅಂಗೈ ಒದ್ದೆ ಮಾಡಿ, ಮೂರು ಬೆರಳಲ್ಲಿ ಉಪ್ಪು ಚಿಟಿಕೆ ಹಿಡಿದು ಸವರಿಕೊಂಡು, ಅನ್ನ ತಿರುಗಿಸ್ತಾ ಮೂರ್ನಾಲ್ಕು ಸಲ ಒತ್ತುತ್ತಾರೆ. ಅಷ್ಟೇ. ಹೊರಗೆ ಗಟ್ಟಿ, ಒಳಗೆ ಸಡಿಲ. ಕಚ್ಚಿದ ಕೂಡಲೇ ಬಾಯಲ್ಲಿ ಬಿಡಿಬಿಡಿಯಾಗಬೇಕು. ಅಂದರೆ ಅವರಿಗೂ ಕೊನೆಗೆ ಬೇಕಾಗಿರೋದು ಬಿಡಿ ಅಗಳೇ, ನಾವು ತಟ್ಟೆಯಲ್ಲಿ ಕೇಳ್ತೀವಿ, ಅವರು ಬಾಯಲ್ಲಿ.

ಡಬ್ಬಿಗೆ ಹೋಗೋದನ್ನ ಮಾತ್ರ ನಾನು ಪ್ಲಾಸ್ಟಿಕ್ ಹಾಳೆಯಲ್ಲಿಟ್ಟು ಕಟ್ಟೋದು. ಇದು ಮಳೆಗಾಲದ ಸೆಕೆ. ಕೈಯಲ್ಲಿರೋ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಬಿಟ್ಟ ವಿಷ ಮತ್ತೆ ಬಿಸಿ ಮಾಡಿದರೂ ಹೋಗಲ್ಲ. ನೋರಿಯನ್ನ, ಅಂದರೆ ಒಣಗಿಸಿದ ಕಡಲಪಾಚಿಯ ಹಾಳೆಯನ್ನ, ಬೇರೆ ಕೊಡ್ತೀನಿ, ತಿನ್ನುವಾಗ ಸುತ್ತಿಕೊಂಡರೆ ಗರಿಗರಿ. ಅಂಗಡಿ ಸರಣಿ ಸೆವೆನ್ ಇಲೆವೆನ್‌ನವರು 1978ರಲ್ಲೇ ಅನ್ನಕ್ಕೂ ನೋರಿಗೂ ನಡುವೆ ಹಾಳೆ ಇಟ್ಟು ಮಾರೋಕೆ ಶುರು ಮಾಡಿದ್ದು ಇದಕ್ಕೇ. ಅಜ್ಜಿಗೆ ಮೆತ್ತಗಾದ ನೋರಿಯೇ ಇಷ್ಟ, ಆ ವಿಷಯಕ್ಕೆ ಜಗಳ ಬೇಡ.

ಸಸ್ಯಾಹಾರಿಗಳಿಗೆ ತಲೆನೋವು ಒಳಗಿಡೋದರದ್ದು. ಉಮೆಬೊಶಿ ಉಪ್ಪಿನಲ್ಲಿ ಹಾಕಿ ಒಣಗಿಸಿದ ಹುಳಿ ಹಣ್ಣೇ ತಾನೇ ಅಂತ ಬುಟ್ಟಿಗೆ ಹಾಕುವ ಹಾಗಿಲ್ಲ. ಎಷ್ಟೋ ಡಬ್ಬಿಗಳಲ್ಲಿ ಕತ್ಸುಓ ಮೀನಿನ ಚೂರು ಬೆರೆಸಿರ್ತಾರೆ. ಕೊಂಬು ಅನ್ನೋ ಕಡಲಪಾಚಿಯ ಪಲ್ಯಕ್ಕೂ ಆ ಮೀನಿನ ಸಾರ. ಮಸಾಲೆ ಹಚ್ಚಿದ ನೋರಿಗೆ ಸೀಗಡಿ. ಸಾದಾ ಹುರಿದ ನೋರಿ, ಉಪ್ಪು ಮತ್ತು ಕೆಂಪು ಶಿಸೊ ಎಲೆ ಮಾತ್ರ ಹಾಕಿದ ಉಮೆಬೊಶಿ ಹುಡುಕಬೇಕು. ಹಳೆ ಕ್ರಮದ್ದರಲ್ಲಿ ಉಪ್ಪು ನೂರಕ್ಕೆ 18–20 ಪಾಲು. ಈ ಸೆಕೆಗೆ ಜೇನುತುಪ್ಪದ ಸಿಹಿ ಉಮೆಬೊಶಿಗಿಂತ ಅದೇ ವಾಸಿ.

ಇವತ್ತು ಎರಡಕ್ಕೆ ಉಮೆಬೊಶಿ ಬಿಟ್ಟು ಊರಿಂದ ಬಂದ ಮಿಡಿ ಉಪ್ಪಿನಕಾಯಿ ಇಟ್ಟೆ. ಹುಳಿ, ಉಪ್ಪು ಎರಡೂ ಇದೆ, ಎಣ್ಣೆ ಇಲ್ಲ. ರಸ ಹಿಂಡಿ, ಸಣ್ಣಗೆ ಹೆಚ್ಚಿ ನಟ್ಟನಡುವೆ ಇಡಬೇಕು. ರಸ ತಾಗಿದ ಕಡೆ ಅನ್ನ ಬಿಟ್ಟುಕೊಳ್ಳುತ್ತೆ. ಒಂದನ್ನ ಅಜ್ಜಿಗೆ ಕೊಟ್ಟೆ. ಕಾಯಿಗೆ ಸಾಸಿವೆ ಯಾಕೆ ಹಾಕಿದ್ದೀರಿ ಅಂತ ಕೇಳಿದರು. ಸಂಜೆ ತಟ್ಟೆ ವಾಪಸ್ ಕೊಡೋಕೆ ಬಂದಾಗ, ಸಾಸಿವೆ ಇದ್ದರೂ ಪರವಾಗಿಲ್ಲ, ಒಂದೆರಡು ಮಿಡಿ ಕೊಡು ಅಂದರು.