ಮಳೆ ಲೆಕ್ಕದ ಸರ್ವರ್: ನಿಮಿಷಕ್ಕೊಮ್ಮೆ ಬರುತ್ತಿದ್ದ ಆ ಸಾಲು

ಶನಿವಾರ ಬೆಳಿಗ್ಗೆ

ತೋಟದ ಮಳೆಮಾಪಕದ ಲೆಕ್ಕ ಇಡುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಹೋದ ವಾರ ಪೋಸ್ಟ್‌ಗ್ರೆಸ್ ಡೇಟಾಬೇಸಿನ 15ನೇ ಆವೃತ್ತಿ ಹಾಕಿದ್ದೆ. ಇವತ್ತು ಅದರ ಲಾಗ್ (ನಡೆದದ್ದನ್ನು ಬರೆದಿಡುವ ಕಡತ) ತೆಗೆದರೆ ಉದ್ದಕ್ಕೂ ಒಂದೇ ಸಾಲು: "ಇನ್‌ವ್ಯಾಲಿಡ್ ಲೆಂತ್ ಆಫ್ ಸ್ಟಾರ್ಟಪ್ ಪ್ಯಾಕೆಟ್". ಅಂದರೆ, ಕನೆಕ್ಷನ್ ಶುರುವಿನಲ್ಲಿ ಬರುವ ಮೊದಲ ಸಂದೇಶದ ಉದ್ದ ಸರಿಯಿಲ್ಲ. ನಿಮಿಷಕ್ಕೊಂದು. ಮಳೆಯ ಅಂಕಿಗಳು ಒಂದೂ ತಪ್ಪದೆ ಟೇಬಲ್ಲಿಗೆ ಬೀಳುತ್ತಿವೆ. ಆ ಸಾಲಿನ ಮುಂದೆ ಎರರ್ ಅಂತಲೂ ಇಲ್ಲ, ಬರೀ ಲಾಗ್ ಅಂತಿದೆ. ಸುಮ್ನೆ ಬಿಡಬಹುದಿತ್ತು. ಆದರೆ ಹೊರಗಿನವರು ಯಾರಾದರೂ ಬಾಗಿಲು ತಟ್ಟುತ್ತಿದ್ದರೆ? ಅದೂ ಅಲ್ಲದೆ, ಲಾಗ್ ತುಂಬಾ ಇದೇ ಇದ್ದರೆ ನಿಜವಾದ ಎರರ್ ಬಂದ ದಿನ ಕಣ್ಣಿಗೆ ಬೀಳುವುದೇ ಇಲ್ಲ.

ಮೊದಲು ರೂಟರ್ ನೋಡಿದೆ. ಪೋಸ್ಟ್‌ಗ್ರೆಸ್ ಬಳಸುವ 5432 ಪೋರ್ಟ್ ಹೊರಗೆ ತೆರೆದಿಲ್ಲ. ಅಷ್ಟರಮಟ್ಟಿಗೆ ನೆಮ್ಮದಿ.

ಶನಿವಾರ ಸಂಜೆ

ಯಾರು ಕನೆಕ್ಟ್ ಆದರೂ ಬರೆದಿಡುವ ಲಾಗ್_ಕನೆಕ್ಷನ್ಸ್ ಸೆಟ್ಟಿಂಗ್ ಆನ್ ಮಾಡಿದೆ. ಈಗ ಆ ಸಾಲಿಗೆ ಮುಂಚಿನ ಸಾಲಿನಲ್ಲೇ ಬಂದವರ ವಿಳಾಸ ಕಾಣುತ್ತಿದೆ: 172.17.0.3. ಇದು ಡಾಕರ್ (ಪ್ರೋಗ್ರಾಂಗಳನ್ನು ಬೇರೆಬೇರೆ ಡಬ್ಬಿಗಳಲ್ಲಿಟ್ಟಂತೆ ನಡೆಸುವ ತಂತ್ರಾಂಶ) ಕೊಡುವ ವಿಳಾಸ. ಅಂದರೆ ಬರುತ್ತಿರುವುದು ಇದೇ ಪೈ ಒಳಗಿಂದ! ಸರ್ವರ್ ಬದುಕಿದೆಯಾ ಅಂತ ನೋಡಿಕೊಳ್ಳಲು ನಾನೇ ಇಟ್ಟಿದ್ದ ಮಾನಿಟರ್ ಅದು.

ಅದು ಏನು ಕಳಿಸುತ್ತಿದೆ ಅಂತ, ನೆಟ್‌ವರ್ಕಿನಲ್ಲಿ ಹರಿಯುವುದನ್ನು ತೋರಿಸುವ ಟಿಸಿಪಿಡಂಪ್‌ನಲ್ಲಿ ನೋಡಿದೆ. ಮೊದಲ ನಾಲ್ಕು ಬೈಟ್: 47 45 54 20. ಅಕ್ಷರಕ್ಕೆ ತಿರುಗಿಸಿದರೆ ಜಿ, ಇ, ಟಿ, ಆಮೇಲೆ ಒಂದು ಖಾಲಿ ಜಾಗ. ಗೆಟ್! ಬ್ರೌಸರ್ ಪುಟ ಕೇಳುವ ಹಾಗೆ ಮಾನಿಟರ್ ಡೇಟಾಬೇಸನ್ನು ಪುಟ ಕೇಳುತ್ತಿದೆ. ಸೆಟ್ಟಿಂಗ್‌ನಲ್ಲಿ ಎಚ್‌ಟಿಟಿಪಿ (ವೆಬ್ ಪುಟ ಕೇಳುವ ಭಾಷೆ) ಅಂತ ಆರಿಸಿದ್ದು ನಾನೇ.

ನನಗೆ ತುಂಬಾ ಇಷ್ಟವಾದದ್ದು ಮುಂದಿನದು. ಹೊಸ ಕನೆಕ್ಷನ್ ಬಂದಾಗ ಪೋಸ್ಟ್‌ಗ್ರೆಸ್ ಮೊದಲ ನಾಲ್ಕು ಬೈಟನ್ನು ಪ್ಯಾಕೆಟ್ಟಿನ ಉದ್ದ ಅಂತ ಓದುತ್ತದೆ. ಗೆಟ್‌ನ ಆ ನಾಲ್ಕು ಬೈಟನ್ನು ಸಂಖ್ಯೆಯಾಗಿ ಓದಿದರೆ 1195725856, ಹತ್ತಿರಹತ್ತಿರ 120 ಕೋಟಿ. ಸ್ಟಾರ್ಟಪ್ ಪ್ಯಾಕೆಟ್ಟಿಗೆ ಇರುವ ಮಿತಿ 10000 ಬೈಟ್. 120 ಕೋಟಿ ಬೈಟ್ ಬರುತ್ತದೆ ಅಂದರೆ ಅದು ಬೇಡ ಅನ್ನದೆ ಇನ್ನೇನು ಮಾಡುತ್ತದೆ? ಒಂದು ಸಾಲು ಬರೆದಿಟ್ಟು ಕನೆಕ್ಷನ್ ಮುಚ್ಚುತ್ತದೆ. ಅರ್ಥವಾಗದ ಆ ಸಾಲು ಅಕ್ಷರಶಃ ನಿಜವನ್ನೇ ಹೇಳುತ್ತಿತ್ತು.

ಭಾನುವಾರ

ಮಾನಿಟರನ್ನು ಬರೀ ಟಿಸಿಪಿಗೆ, ಅಂದರೆ ಕನೆಕ್ಷನ್ ಆಗುತ್ತದೆಯಾ ಅಂತ ಮಾತ್ರ ನೋಡುವುದಕ್ಕೆ, ಬದಲಾಯಿಸಿದೆ. ಸಾಲು ನಿಂತಿತು. ಏನೂ ಕಳಿಸದೆ ಮುಚ್ಚಿದ ಕನೆಕ್ಷನ್‌ಗಳನ್ನು ಪೋಸ್ಟ್‌ಗ್ರೆಸ್ 12ರಿಂದೀಚೆಗೆ ಲಾಗ್‌ಗೆ ಬರೆಯುವುದಿಲ್ಲ. ಹಳೆಯದಾಗಿದ್ದರೆ "ಇನ್‌ಕಂಪ್ಲೀಟ್ ಸ್ಟಾರ್ಟಪ್ ಪ್ಯಾಕೆಟ್" ಅಂತ ಬೇರೆ ಸಾಲು ಶುರುವಾಗುತ್ತಿತ್ತು.

ಆದರೂ ಸಮಾಧಾನ ಆಗಲಿಲ್ಲ. ಪೋರ್ಟ್ ತೆರೆದಿದ್ದ ಮಾತ್ರಕ್ಕೆ ಡೇಟಾಬೇಸ್ ಸಿದ್ಧ ಅಂತಲ್ಲ ಅಲ್ವಾ? ಅದನ್ನು ಕೇಳಲೆಂದೇ ಪೋಸ್ಟ್‌ಗ್ರೆಸ್ ಜೊತೆಗೇ ಬರುವ ಪಿಜಿ_ಈಸ್‌ರೆಡಿ ಎಂಬ ಕಮಾಂಡ್ ಇದೆ. 0 ಅಂದರೆ ಸಿದ್ಧ, 1 ಅಂದರೆ ಈಗ ಬೇಡ ಅನ್ನುತ್ತಿದೆ, 2 ಅಂದರೆ ಉತ್ತರವೇ ಇಲ್ಲ. ಕೆಲಸಗಳನ್ನು ಹೊತ್ತುಹೊತ್ತಿಗೆ ತಾನಾಗಿ ನಡೆಸುವ ಕ್ರಾನ್‌ಗೆ ಹಾಕಿದೆ. ಐದೇ ನಿಮಿಷಕ್ಕೆ ಹೊಸ ಸಾಲು: ರೂಟ್ ಎಂಬ ರೋಲ್ (ಡೇಟಾಬೇಸಿನ ಬಳಕೆದಾರ) ಇಲ್ಲ! ಇದಕ್ಕೆ ಜಾಸ್ತಿ ಹುಡುಕಬೇಕಾಗಲಿಲ್ಲ. ಕ್ರಾನ್ ನಡೆಯುತ್ತಿದ್ದದ್ದು ಪೈನ ಮುಖ್ಯ ಬಳಕೆದಾರ ರೂಟ್ ಹೆಸರಿನಲ್ಲಿ. ಹೆಸರು ತಪ್ಪಿದ್ದರೂ ಪಿಜಿ_ಈಸ್‌ರೆಡಿ ಸರಿಯಾದ ಉತ್ತರವನ್ನೇ ಕೊಡುತ್ತದೆ, ಆದರೆ ಸರ್ವರ್ ಆ ವಿಫಲ ಪ್ರಯತ್ನವನ್ನು ಬರೆದಿಡುತ್ತದೆ. ಕ್ರಾನ್ ಸಾಲನ್ನು ಪೋಸ್ಟ್‌ಗ್ರೆಸ್ ಯೂಸರ್‌ಗೆ ವರ್ಗಾಯಿಸಿದೆ, ಸರಿಹೋಯಿತು. ಲಾಗ್_ಕನೆಕ್ಷನ್ಸನ್ನೂ ಆಫ್ ಮಾಡಿದೆ.

ಈಗ ಲಾಗ್‌ನಲ್ಲಿ ಚೆಕ್‌ಪಾಯಿಂಟ್ (ಬದಲಾವಣೆಗಳನ್ನು ಆಗಾಗ ಡಿಸ್ಕಿಗೆ ಬರೆಯುವುದು) ಸಾಲುಗಳು ಮಾತ್ರ. 15ರಿಂದ ಅವು ತಾವಾಗಿಯೇ ಬರುತ್ತವೆ, ಇರಲಿ. ಮುಂದಿನ ವಾರ ಮಾಪಕದ ಬಾಯಿಗೆ ಜಾಲರಿ ಹಾಕಬೇಕು, ಸಿಂಗಾರದ ಹೂ ಉದುರಿ ಕಟ್ಟಿಕೊಳ್ಳುತ್ತಿದೆ.