"ಡೈವೋರ್ಸ್‌ಗೆ ಎಷ್ಟು ಖರ್ಚಾಗುತ್ತೆ ಮೇಡಂ?"

ಈ ಪ್ರಶ್ನೆಯನ್ನು ನನಗೆ ಎಲ್ಲೆಲ್ಲೋ ಕೇಳಿದ್ದಾರೆ. ಮದುವೆ ಮನೆಯಲ್ಲಿ ಊಟದ ಎಲೆ ಮುಂದೆ, ಬಸ್ಸಿನಲ್ಲಿ. ಒಮ್ಮೆ ಬ್ಲೌಸ್ ಅಳತೆ ತೆಗೆಯುತ್ತಿದ್ದ ಟೈಲರಮ್ಮ ಟೇಪು ಕೊರಳಿಗೆ ಹಾಕಿಕೊಂಡು ಮೆಲ್ಲಗೆ ಕೇಳಿದರು, "ನಮ್ಮ ಅಕ್ಕನ ಮಗಳಿಗೆ, ಡೈವೋರ್ಸ್‌ಗೆ ಎಷ್ಟಾಗುತ್ತೆ ಮೇಡಂ?" ಅಕ್ಕನ ಮಗಳು ಅಂದರೆ ಎಷ್ಟೋ ಸಲ ಕೇಳುತ್ತಿರುವವರೇ. ಅದು ನನಗೂ ಗೊತ್ತು, ಅವರಿಗೂ ಗೊತ್ತು.

ನಾನು ತಾಲ್ಲೂಕು ಕೋರ್ಟಿನಲ್ಲಿ ವಕೀಲಿ ಮಾಡುವವಳು. ಕಾನೂನು ಸೇವೆಗಳ ಸಮಿತಿಯ ಪ್ಯಾನಲ್‌ನಲ್ಲೂ, ಅಂದರೆ ಪುಕ್ಕಟೆ ಕೇಸು ನಡೆಸಿಕೊಡುವ ವಕೀಲರ ಪಟ್ಟಿಯಲ್ಲೂ ಇದ್ದೇನೆ. ಹೆಂಗಸರು ಕೇಳಿದರೆ ನನ್ನ ಉತ್ತರ, ಒಂದು ರೂಪಾಯಿಯೂ ಬೇಕಿಲ್ಲ. ಅದರ ಬೆನ್ನಿಗೇ ನಾನೂ ಒಂದು ಕೇಳುತ್ತೇನೆ: ನಿಮಗೆ ಈಗಲೇ ಬೇಕಿರುವುದು ಡೈವೋರ್ಸೇ ಹೌದಾ?

ಮೊದಲು ದುಡ್ಡಿನ ಮಾತು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಹೆಣ್ಣುಮಕ್ಕಳಿಗೆ ಉಚಿತವಾಗಿ ವಕೀಲರನ್ನು ಕೊಡಬೇಕು. ವರಮಾನ ಎಷ್ಟು ಅಂತ ನೋಡುವ ಹಾಗಿಲ್ಲ. ಟೀಚರ್ ಆಗಿರಲಿ, ಕೂಲಿ ಮಾಡುವವರಾಗಲಿ, ಒಂದೇ. ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಕೂಡ ಹಾಗೇ. ಉಳಿದ ಗಂಡಸರಲ್ಲಿ ಹೆಚ್ಚಿನವರಿಗೆ ವರಮಾನದ ಮಿತಿ ಉಂಟು. ವಕೀಲರ ಫೀಸು, ಕೋರ್ಟ್ ಫೀಸು, ನೋಟಿಸ್ ಖರ್ಚು, ಟೈಪಿಂಗ್, ನಕಲು ಎಲ್ಲಾ ಇದರಲ್ಲೇ ಬರುತ್ತೆ.

ಸಮಿತಿಯ ಆಫೀಸು ಕೋರ್ಟಿನ ಆವರಣದಲ್ಲೇ ಇರುತ್ತೆ. ನಮ್ಮಲ್ಲಿ ಅದೊಂದು ಸಣ್ಣ ಕೋಣೆ, ಬೋರ್ಡು ಅರ್ಧ ಬಾಗಿಲ ಹಿಂದೆ ಅಡಗಿದೆ. ಹತ್ತು ಸಲ ಆ ಕಡೆ ಓಡಾಡಿದವರಿಗೂ ಕಂಡಿರಲ್ಲ. ಕನ್ನಡದಲ್ಲೇ ಒಂದು ಅರ್ಜಿ ಬರೆದು, ಆಧಾರ್ ಜೆರಾಕ್ಸ್ ಕೊಟ್ಟರೆ ಶುರು. ಬರೆಯಲು ಬಾರದಿದ್ದರೆ ಅಲ್ಲಿದ್ದವರೇ ಬರೆದುಕೊಳ್ಳುತ್ತಾರೆ. ಮನೆಯಿಂದ ಹೊರಡೋದೇ ಕಷ್ಟ ಅನ್ನುವವರು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಬಹುದು.

"ಪುಕ್ಕಟೆ ಲಾಯರ್ ಸರಿಯಾಗಿ ನಡೆಸ್ತಾರಾ?" ಅಂತಲೂ ಕೇಳುತ್ತಾರೆ. ನಿಜ ಹೇಳಬೇಕು, ಕೆಲವರು ವಾಯಿದೆ ಮೇಲೆ ವಾಯಿದೆ ತಗೊಂಡು ಸುಮ್ನೆ ಇದ್ದುಬಿಡುತ್ತಾರೆ. ದುಡ್ಡು ತಗೊಂಡ ವಕೀಲರಲ್ಲೂ ಅಂಥವರಿದ್ದಾರೆ, ಅದು ಬೇರೆ ಮಾತು. ಹಾಗಾದರೆ ಬೇರೆ ವಕೀಲರು ಬೇಕು ಅಂತ ಸಮಿತಿಗೆ ಬರೆದುಕೊಡಿ. ಪ್ಯಾನಲ್ ವಕೀಲರು ನಿಮ್ಮ ಹತ್ತಿರ ಕಾಸು ಕೇಳುವಂತಿಲ್ಲ. ಕೇಳಿದರೆ ಅದನ್ನೂ ಬರೆದುಕೊಡಿ.

ಈಗ ನನ್ನ ಪ್ರಶ್ನೆಗೆ ಬರೋಣ. ಅದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಪ್ರಾಕ್ಟೀಸಿನ ಶುರುವಿನಲ್ಲಿ ಒಬ್ಬಾಕೆ ಬಂದಿದ್ದಳು. ಕಂಕುಳಲ್ಲಿ ಎರಡು ವರ್ಷದ ಮಗು, ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್. ಕವರಿನೊಳಗೆ ಲಗ್ನಪತ್ರಿಕೆ, ಎರಡು ಫೋಟೋ, ಆಸ್ಪತ್ರೆ ಚೀಟಿ. "ಬಿಡುಗಡೆ ಕೊಡಿಸಿ ಸಾಕು" ಅಂದಳು. ನಾನೂ ಹುಮ್ಮಸ್ಸಿನಲ್ಲಿ ವಿಚ್ಛೇದನದ ಅರ್ಜಿ ಹಾಕಿದೆ. ಜೀವನಾಂಶ ಆಮೇಲೆ ನೋಡೋಣ ಅಂತ ಬಿಟ್ಟೆ. ಆಮೇಲೆ ಅನ್ನೋದು ಏಳು ತಿಂಗಳಾಯಿತು. ಅಷ್ಟು ದಿನ ಅವಳು ಅಣ್ಣನ ಮನೆಯಲ್ಲಿ ಅತ್ತಿಗೆಯ ಮುಖ ನೋಡಿಕೊಂಡು ಹಾಲಿನ ದುಡ್ಡು ಕೇಳಬೇಕಾಯಿತು. ಜೀವನಾಂಶ ಮಂಜೂರಾದರೂ ಆ ಏಳು ತಿಂಗಳದ್ದು ಬರಲಿಲ್ಲ. ಅರ್ಜಿಯೇ ಹಾಕಿರಲಿಲ್ಲವಲ್ಲ!

2020ರ ನವೆಂಬರ್‌ನಲ್ಲಿ ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಕೊಡಬೇಕು ಅಂದಿತು. ಅಂದರೆ ಅರ್ಜಿ ಹಾಕದ ಒಂದೊಂದು ತಿಂಗಳೂ ನಿಮ್ಮ ಕೈಬಿಟ್ಟ ಹಾಗೆ. ಡೈವೋರ್ಸ್, ಮಗು, ದುಡ್ಡು ಮೂರೂ ಬೇರೆ ಬೇರೆ ದಾರಿ. ಒಂದು ಇನ್ನೊಂದಕ್ಕೆ ಕಾಯಬೇಕಿಲ್ಲ. ಡೈವೋರ್ಸ್ ಕೇಳದೆಯೇ ಜೀವನಾಂಶ ಕೇಳಬಹುದು.

ಜೀವನಾಂಶ ಕೇಳಲು ಹಿಂದೆ 125 ಅಂತ ಎಲ್ಲರ ಬಾಯಲ್ಲಿದ್ದ ಕಲಂ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144 ಆಗಿದೆ. ನಮ್ಮಂಥ ತಾಲ್ಲೂಕಿನಲ್ಲಿ ಕೌಟುಂಬಿಕ ನ್ಯಾಯಾಲಯ ಇಲ್ಲ. ಹಾಗಾಗಿ ಆ ಅರ್ಜಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗುತ್ತೆ. ನೀವು ಈಗ ಇರುವ ಊರಿನಲ್ಲೇ, ಅಂದರೆ ತವರಿನಲ್ಲೇ ಹಾಕಬಹುದು. ಯಾವ ಧರ್ಮದವರಾದರೂ ಸರಿ. ವಿಚ್ಛೇದಿತ ಮುಸ್ಲಿಂ ಮಹಿಳೆಯೂ ಹಾಕಬಹುದು ಅಂತ ಸುಪ್ರೀಂ ಕೋರ್ಟ್ ಅದೇ 2024ರ ಜುಲೈನಲ್ಲಿ ಇನ್ನೊಮ್ಮೆ ಹೇಳಿತು. ಕೇಸು ಮುಗಿಯುವ ತನಕ ಮಧ್ಯಂತರ ಜೀವನಾಂಶ ಕೇಳಿ. ನೋಟಿಸ್ ಜಾರಿಯಾದ 60 ದಿನದೊಳಗೆ ಅದನ್ನು ಆದಷ್ಟು ಮಟ್ಟಿಗೆ ತೀರ್ಮಾನಿಸಬೇಕು ಅನ್ನುತ್ತೆ ಕಾನೂನು. "ಆದಷ್ಟು ಮಟ್ಟಿಗೆ" ಅನ್ನೋ ಮಾತಿಗೆ ಕೋರ್ಟಿನಲ್ಲಿ ಹೊಟ್ಟೆ ದೊಡ್ಡದು. ಹಾಗಂತ ಕೇಳದೆ ಬಿಡಬೇಡಿ.

ಗಂಡ, ಹೆಂಡತಿ ಇಬ್ಬರೂ ತಮ್ಮ ಆಸ್ತಿ, ಸಾಲ, ವರಮಾನದ ಬಗ್ಗೆ ಪ್ರಮಾಣಪತ್ರ (ಅಫಿಡವಿಟ್) ಕೊಡಬೇಕು. ಇದೂ 2020ರ ಅದೇ ತೀರ್ಪಿನದು. ಇಲ್ಲಿ ತಮಾಷೆ ನೋಡಬೇಕು. ತಿಂಗಳಿಗೆ ಎಂಟು ಸಾವಿರ ಸಂಬಳ ಅಂತ ಬರೆದವರು ಕಾರಿನ ಕಂತು ಒಂಬತ್ತು ಸಾವಿರ ಅಂತ ಕೆಳಗೆ ತಾವೇ ಬರೆದಿರುತ್ತಾರೆ! ನಿಮ್ಮ ಕಡೆಯಿಂದ ಒಂದು ಲೆಕ್ಕದ ಪುಸ್ತಕ ಇಡಿ. ಒಬ್ಬಾಕೆ ಮಗಳ ಹಳೇ ಕಾಪಿ ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟಿದ್ದರು: ಹಾಲು ಅರ್ಧ ಲೀಟರ್, ಸ್ಕೂಲ್ ವ್ಯಾನ್, ಕೆಮ್ಮಿನ ಔಷಧಿ, ಚಪ್ಪಲಿ. ಎದುರು ವಕೀಲರು ಏನು ಕೇಳಿದರೂ ಹಾಳೆ ತಿರುಗಿಸಿ ಉತ್ತರ ಕೊಟ್ಟರು. ನನಗೆ ಕೆಲಸವೇ ಇರಲಿಲ್ಲ.

ಆದೇಶವಾದ ಮೇಲೂ ಕೆಲವರು ಕೊಡಲ್ಲ. ಆಗ ವಸೂಲಿ ಅರ್ಜಿ ಹಾಕಬೇಕು. ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ಹಾಕಬೇಕು. ಇದನ್ನು ಕ್ಯಾಲೆಂಡರ್ ಮೇಲೆ ಬರೆದಿಡಿ.

ಮಗುವಿನ ವಿಷಯ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿ ಹತ್ತಿರ ಇರಬೇಕು ಅಂತ 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆ ಹೇಳುತ್ತೆ. ಅದಾದ ಮೇಲೆ ಮಗುವಿನ ಹಿತ ಎಲ್ಲಿದೆ ಅಂತ ಕೋರ್ಟು ನೋಡುತ್ತೆ. "ನಿನಗೆ ಸಂಬಳ ಇಲ್ಲ, ಮಗು ಸಿಗಲ್ಲ" ಅಂತ ಹೆದರಿಸುವವರು ಜಾಸ್ತಿ. ಬರೀ ಸಂಬಳ ನೋಡಿ ಮಗು ಕೊಡಲ್ಲ. ಸಂಬಳ ಇಲ್ಲದ್ದಕ್ಕೇ ಅಲ್ವಾ ಜೀವನಾಂಶ ಇರೋದು? ಬುದ್ಧಿ ಬಂದ ಮಗುವಾದರೆ ನ್ಯಾಯಾಧೀಶರು ಛೇಂಬರಿಗೆ ಕರೆದು ಒಂಟಿಯಾಗಿ ಮಾತಾಡಿಸುತ್ತಾರೆ. ದಯವಿಟ್ಟು ಮಗುವಿಗೆ ಪಾಠ ಹೇಳಿಕೊಟ್ಟು ಕಳಿಸಬೇಡಿ. ಒಬ್ಬ ಹುಡುಗ ಕೇಳುವ ಮುಂಚೆಯೇ ಹೇಳಿಕೊಟ್ಟದ್ದನ್ನೆಲ್ಲ ಒಪ್ಪಿಸಿ, "ಇನ್ನೊಂದು ಏನೋ ಇತ್ತು, ಮರೆತುಹೋಯ್ತು" ಅಂದನಂತೆ. ಅಪ್ಪನಿಗೆ ಮಗು ನೋಡುವ ಅವಕಾಶವನ್ನೂ ಸಾಮಾನ್ಯವಾಗಿ ಕೊಡುತ್ತಾರೆ. ಮಗುವಿಗೆ ಅಪಾಯ ಇಲ್ಲದಿದ್ದರೆ ಅದಕ್ಕೆ ಅಡ್ಡ ಹಾಕಬೇಡಿ ಅನ್ನೋದು ನನ್ನ ಅಭಿಪ್ರಾಯ.

ಹೊಡೆತ ಬಡಿತ ಇದ್ದರೆ ದಾರಿ ಬೇರೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಗಂಡನ ಜೊತೆ ಇದ್ದ ಮನೆಯಲ್ಲೇ ಇರುವ ಹಕ್ಕು ಕೇಳಬಹುದು. ನಿಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಅದಕ್ಕೆ ಸಂರಕ್ಷಣಾಧಿಕಾರಿ. ಅಂಗನವಾಡಿ ಟೀಚರನ್ನು ಕೇಳಿದರೆ ಅವರ ಆಫೀಸು ತೋರಿಸುತ್ತಾರೆ.

ಇಷ್ಟಾದ ಮೇಲೂ ಡೈವೋರ್ಸ್ ಬೇಕು ಅಂದರೆ ಖಂಡಿತ ಹಾಕೋಣ. ಹಿಂದೂ ವಿವಾಹ ಕಾಯ್ದೆಯಲ್ಲಿ ಇಬ್ಬರೂ ಒಪ್ಪಿ, ಒಂದು ವರ್ಷದಿಂದ ಬೇರೆ ಇದ್ದರೆ ಜಂಟಿ ಅರ್ಜಿ. ಆಮೇಲೆ ಆರು ತಿಂಗಳ ಕಾಯುವಿಕೆ. 2017ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ತಕ್ಕ ಕಾರಣ ಇದ್ದರೆ ಅದನ್ನೂ ಬಿಡಬಹುದು. ಒಪ್ಪದಿದ್ದರೆ ವರ್ಷಗಳೇ ಹಿಡಿಯುತ್ತೆ.

ಊರ ಹಿರಿಯರು ಕೂತು ಛಾಪಾ ಕಾಗದದ ಮೇಲೆ ಬರೆಸುವ "ಬಿಡುಗಡೆ ಪತ್ರ" ನಂಬಬೇಡಿ. ಆ ರೂಢಿ ನಿಮ್ಮ ಸಮುದಾಯದಲ್ಲಿ ಇದೆ ಅಂತ ಕೋರ್ಟಿನಲ್ಲಿ ಸಾಕ್ಷಿ ಸಮೇತ ತೋರಿಸದ ಹೊರತು ಅದು ಡೈವೋರ್ಸ್ ಅಲ್ಲ. ಅದರಲ್ಲಿ "ಜೀವನಾಂಶ ಬೇಡ" ಅಂತ ನೀವು ಸಹಿ ಹಾಕಿದ್ದರೂ ಮಗುವಿನ ಪಾಲನ್ನು ಬಿಟ್ಟುಕೊಡುವ ಹಕ್ಕು ನಿಮಗಿಲ್ಲ.

ಟೈಲರಮ್ಮನಿಗೂ ಇಷ್ಟೇ ಹೇಳಿದ್ದೆ. ಮುಂದಿನ ಸೋಮವಾರ "ಅಕ್ಕನ ಮಗಳು" ಒಬ್ಬರೇ ಬಂದರು. ನೀವೂ ಬರುವುದಾದರೆ ಲಗ್ನಪತ್ರಿಕೆ, ಫೋಟೋ, ಮಗುವಿನ ಜನನ ಪತ್ರ, ಗಂಡನ ಕೆಲಸದ ಬಗ್ಗೆ ಏನು ಸಿಕ್ಕರೂ ತನ್ನಿ. ಮಗು ಜೊತೆಗಿದ್ದರೆ ಊಟದ ಡಬ್ಬಿ ಮರೆಯಬೇಡಿ. ಎರಡು ಗಂಟೆಗೆ ಕೋರ್ಟು ಊಟಕ್ಕೆ ಏಳುತ್ತೆ, ಕ್ಯಾಂಟೀನಿನಲ್ಲಿ ಅಷ್ಟು ಹೊತ್ತಿಗೆ ಚಿತ್ರಾನ್ನ ಖಾಲಿಯಾಗಿರುತ್ತೆ.